ಕೆಂಪಾಂಬುಧಿಯ ಕೆಸರಿನಿಂದ ಕಡಲಿನ ತಳಕ್ಕೆ
(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಉಪನ್ಯಾಸ ಮಾಲೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಈ ಸಭೆಗೆ ನನ್ನನ್ನು ಕರೆದವರು ಫೋನಿನಲ್ಲಿ, "ಸಾರ್, ನಿಮ್ಮ ಸಂಶೋಧನೆಯ ಬಗ್ಗೆಯೇ ಮಾತಾಡಿ, ಆದರೆ ಮಕ್ಕಳಿಗೆ ಅರ್ಥವಾಗಬೇಕು" ಎಂದರು. ನನ್ನ ಸಂಶೋಧನೆ ಸಮುದ್ರದ ತಳದ ಕೆಸರನ್ನು ಕುರಿತದ್ದು. ಕಬ್ಬಿಣ ಮತ್ತು ರಂಜಕ ಎಂಬ ಎರಡು ಧಾತುಗಳು ಆ ಕೆಸರಿಗೂ ನೀರಿಗೂ ನಡುವೆ ಹೇಗೆ ಓಡಾಡುತ್ತವೆ ಎಂಬುದು. ಹನುಮಂತನಗರದಿಂದ ಕಡಲು ಮುನ್ನೂರು ಕಿಲೋಮೀಟರಿಗೂ ದೂರ. ಇಲ್ಲಿಯ ಮಕ್ಕಳಿಗೆ ಸಮುದ್ರದ ಕೆಸರಿನ ಕಥೆ ಏಕೆ ಎಂದು ಯೋಚಿಸುತ್ತಾ ಕುಳಿತಾಗ ನಮ್ಮ ಕೆರೆಯ ಹೆಸರೇ ನೆರವಿಗೆ ಬಂತು. ಕೆಂಪಾಂಬುಧಿ. ಅಂಬುಧಿ ಎಂದರೆ ಕಡಲು. ಮೆಜೆಸ್ಟಿಕ್ ಬಸ್ ನಿಲ್ದಾಣವಾಗಿ ಹೋದ ಧರ್ಮಾಂಬುಧಿಯೂ ಹಾಗೆಯೇ. ಕಡಲು ಕಾಣದ ಊರಿನವರು ಕೆರೆ ಕಟ್ಟಿ ಅದನ್ನೇ ಕಡಲೆಂದು ಕರೆದರು. ಇರಲಿ, ಅವರ ಮಾತನ್ನೇ ಹಿಡಿದು ನಾನು ಹೊರಡುತ್ತೇನೆ.

ಈ ಮೇಜಿನ ಮೇಲೆ ಮೂರು ಸೀಸೆಗಳಿವೆ. ಮೂರು ವಾರದ ಹಿಂದೆ ಒಂಬತ್ತನೆಯ ತರಗತಿಯ ಮಕ್ಕಳು ತಮ್ಮ ಉಪಾಧ್ಯಾಯರ ಜೊತೆ ಕೆಂಪಾಂಬುಧಿ ಕೆರೆಯ ಅಂಚಿಗೆ ಹೋಗಿ ಕೆಸರು ತಂದು, ಮೂರಕ್ಕೂ ಸಮನಾಗಿ ತುಂಬಿ, ಮೇಲೆ ನಲ್ಲಿಯ ನೀರು ಹಾಕಿದ್ದಾರೆ. ಮೊದಲನೆಯದಕ್ಕೆ ಮೀನಿನ ತೊಟ್ಟಿಗೆ ಇಡುವ ಗಾಳಿಯ ಪಂಪು ಹಾಕಲಾಗಿದೆ. ಎರಡನೆಯದನ್ನು ಬಿಗಿಯಾಗಿ ಮುಚ್ಚಿ ಮೇಣ ಮೆತ್ತಲಾಗಿದೆ. ಮೂರನೆಯದನ್ನೂ ಮುಚ್ಚಿದ್ದಾರೆ, ಆದರೆ ಒಂದು ಚಮಚ ಎಪ್ಸಮ್ ಲವಣ, ಅಂದರೆ ಮೆಗ್ನೀಸಿಯಂ ಸಲ್ಫೇಟ್, ಬೆರೆಸಿ ಮುಚ್ಚಿದ್ದಾರೆ. ಅದು ನಮ್ಮ ಬಡ ಸಮುದ್ರ. ಏಕೆ ಎಂದು ಆಮೇಲೆ ಹೇಳುತ್ತೇನೆ. ಇವುಗಳಲ್ಲಿ ಏನಾಗಿದೆ ಎಂದು ನನಗೂ ಗೊತ್ತಿಲ್ಲ. ಕೊನೆಯಲ್ಲಿ ನಿಮ್ಮೆದುರಿಗೇ ನೋಡೋಣ.

ಮೊದಲು ರಂಜಕ. ನಾನು ಇಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವನು. ಕಾಲೇಜಿಗೆ ಹೋದಾಗ ಎಲ್ಲರೂ ಫಾಸ್ಫರಸ್ ಎನ್ನುವಾಗ ನಾನು ಆರು ತಿಂಗಳು ಮನಸ್ಸಿನಲ್ಲೇ ರಂಜಕ ಎಂದು ಅನುವಾದಿಸಿಕೊಳ್ಳುತ್ತಿದ್ದೆ. ಈಗಲೂ ನನಗೆ ಅದೇ ಹೆಸರು ಇಷ್ಟ. 1669ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಹೆನಿಗ್ ಬ್ರ್ಯಾಂಡ್ ಎಂಬಾತ ಮೂತ್ರವನ್ನು ಕುದಿಸಿ ಕುದಿಸಿ ಚಿನ್ನ ತೆಗೆಯಲು ಹೊರಟು, ಕತ್ತಲಲ್ಲಿ ಮಿನುಗುವ ಈ ವಸ್ತುವನ್ನು ಪಡೆದ. ಚಿನ್ನ ಸಿಗಲಿಲ್ಲ ಎಂದು ಅವನು ಬೇಸರಪಟ್ಟಿರಬಹುದು. ಆದರೆ ಮೂತ್ರದಲ್ಲಿ ರಂಜಕ ಇದೆ ಎಂಬ ಆ ಸಂಗತಿಯೇ ನಮ್ಮ ಕೆರೆಗಳ ಇಂದಿನ ಕಥೆ.

ಪ್ರತಿ ವರ್ಷ ಕಾರ್ತಿಕ ಮಾಸದಲ್ಲಿ ಇಲ್ಲೇ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆಗೆ ನೀವೆಲ್ಲ ಹೋಗುತ್ತೀರಿ. ನೂರು ಗ್ರಾಂ ಕಡಲೆಬೀಜದಲ್ಲಿ ಹೆಚ್ಚುಕಡಿಮೆ 380 ಮಿಲಿಗ್ರಾಂ ರಂಜಕ ಇರುತ್ತದೆ, ನಾಲ್ಕೈದು ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಆ ರಂಜಕ ಎಲ್ಲಿಂದ ಬಂತು? ಹೊಲಕ್ಕೆ ರೈತ ಹಾಕಿದ ಸೂಪರ್ ಫಾಸ್ಫೇಟಿನಿಂದ. ಸೂಪರ್ ಫಾಸ್ಫೇಟ್ ಎಲ್ಲಿಂದ? ರಂಜಕದ ಶಿಲೆಯಿಂದ. ನಮ್ಮ ದೇಶಕ್ಕೆ ಬೇಕಾದ ಶಿಲೆಯ ಬಹುಪಾಲು ಮೊರಾಕ್ಕೊ, ಜೋರ್ಡಾನ್ ಮೊದಲಾದ ಕಡೆಗಳಿಂದ ಹಡಗಿನಲ್ಲಿ ಬರುತ್ತದೆ. ಸ್ವಲ್ಪ ರಾಜಸ್ಥಾನದ ಉದಯಪುರದ ಬಳಿಯ ಝಾಮರ್‌ಕೋಟ್ರಾ ಗಣಿಯಿಂದ ಬರುತ್ತದೆ. ಈ ಶಿಲೆಗಳೆಲ್ಲ ಒಂದಾನೊಂದು ಕಾಲದಲ್ಲಿ ಆಳವಿಲ್ಲದ ಕಡಲಿನ ತಳದ ಕೆಸರು. ಅಂದರೆ ಪರಿಷೆಯಲ್ಲಿ ನೀವು ಸಿಪ್ಪೆ ಬಿಡಿಸಿ ಬಾಯಿಗೆ ಹಾಕಿಕೊಳ್ಳುವುದು, ಒಂದು ಲೆಕ್ಕದಲ್ಲಿ, ಹಳೆಯ ಕಡಲಿನ ತಳವನ್ನೇ.

ಅಲ್ಲಿಂದ ಮುಂದೆ? ಬೆಳೆದ ಮನುಷ್ಯನ ದೇಹದಲ್ಲಿ ಸುಮಾರು 700 ಗ್ರಾಂ ರಂಜಕ ಇರುತ್ತದೆ, ಬಹುಪಾಲು ಮೂಳೆ ಹಲ್ಲುಗಳಲ್ಲಿ. ಬೆಳವಣಿಗೆ ನಿಂತ ಮೇಲೆ ಎಷ್ಟು ತಿನ್ನುತ್ತೇವೋ ಅಷ್ಟೇ ಹೊರಗೆ ಹೋಗುತ್ತದೆ: ದಿನಕ್ಕೆ ಒಂದು ಗ್ರಾಂಗಿಂತ ಸ್ವಲ್ಪ ಹೆಚ್ಚು. ಒಂದು ಲಕ್ಷ ಜನರಿರುವ ಬಡಾವಣೆಯಿಂದ ದಿನಕ್ಕೆ ನೂರು ಕಿಲೋ ದಾಟುತ್ತದೆ. ಬಟ್ಟೆ ಒಗೆಯುವ ಪುಡಿಯ ಫಾಸ್ಫೇಟ್ ಬೇರೆ. ಗುಡ್ಡದ ಈ ಕಡೆಯ ಬಚ್ಚಲ ನೀರೆಲ್ಲ ವೃಷಭಾವತಿಯ ಕಣಿವೆಗೆ ಇಳಿಯುತ್ತದೆ. ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟುತ್ತದೆ ಎಂದು ಹೇಳುವ ಆ ಹೊಳೆ ಬಿಡದಿಯ ಹತ್ತಿರದ ಬೈರಮಂಗಲ ಕೆರೆ ಸೇರಿ, ಅರ್ಕಾವತಿ ಸೇರಿ, ಕನಕಪುರದಾಚೆ ಸಂಗಮದಲ್ಲಿ ಕಾವೇರಿ ಸೇರುತ್ತದೆ. ಕಾವೇರಿ ಮೆಟ್ಟೂರು ಅಣೆಕಟ್ಟನ್ನು ದಾಟಿ ಬಂಗಾಳ ಕೊಲ್ಲಿಗೆ. ಹೋಗುವ ದಾರಿಯಲ್ಲಿ ಪ್ರತಿಯೊಂದು ನಿಂತ ನೀರಿನ ತಳದಲ್ಲೂ ರಂಜಕ ಒಂದಿಷ್ಟು ಉಳಿದುಬಿಡುತ್ತದೆ. ಅದನ್ನು ಹಿಡಿದಿಡುವವನೇ ನಮ್ಮ ಎರಡನೆಯ ಪಾತ್ರಧಾರಿ, ಕಬ್ಬಿಣ.

ಕಬ್ಬಿಣದ ಸ್ವಭಾವ ನಿಮಗೆ ಗೊತ್ತಿದೆ. ಮಳೆಯಲ್ಲಿ ಬಿಟ್ಟ ಮೊಳೆ ತುಕ್ಕು ಹಿಡಿಯುತ್ತದೆ. ಆಮ್ಲಜನಕ ಇಲ್ಲದ ಕಡೆ ಕಬ್ಬಿಣ ನೀರಿನಲ್ಲಿ ಕರಗಿರುತ್ತದೆ, ಬಣ್ಣವಿಲ್ಲದೆ, ಸದ್ದಿಲ್ಲದೆ. ಆಮ್ಲಜನಕ ತಾಗಿದ ಕೂಡಲೇ ಕಂದು ತುಕ್ಕಾಗಿ ಕಣಕಣವಾಗಿ ಬೇರ್ಪಡುತ್ತದೆ. ಕೊಳವೆಬಾವಿಯ ನೀರನ್ನು ಬಕೆಟ್ಟಿನಲ್ಲಿ ಹಿಡಿದಾಗ ತಿಳಿಯಾಗಿದ್ದು ಬೆಳಗಾಗುವಷ್ಟರಲ್ಲಿ ಕೆಂಪಾಗುವುದನ್ನು ನಿಮ್ಮಲ್ಲಿ ಎಷ್ಟೋ ಜನ ನೋಡಿದ್ದೀರಿ. ಈ ಹೊಸ ತುಕ್ಕಿನ ಕಣಗಳಿಗೆ ಒಂದು ಚಟ ಇದೆ. ಸುತ್ತಲ ನೀರಿನಲ್ಲಿರುವ ರಂಜಕವನ್ನು, ಅಂದರೆ ಫಾಸ್ಫೇಟನ್ನು, ತಮ್ಮ ಮೈಗೆ ಅಂಟಿಸಿಕೊಂಡುಬಿಡುತ್ತವೆ. ಹಾಗೆ ಅಂಟಿಸಿಕೊಂಡು ಕೆಳಗೆ ಬಿದ್ದು ಕೆಸರು ಸೇರುತ್ತವೆ.

ಕೆಸರಿನ ಒಳಗೆ ಬೇರೆಯದೇ ಲೋಕ. ಮೇಲಿನ ಕೆಲವು ಮಿಲಿಮೀಟರುಗಳಲ್ಲಿ ಮಾತ್ರ ಆಮ್ಲಜನಕ ಇರುತ್ತದೆ. ಅದರ ಕೆಳಗೆ ಇಲ್ಲ. ಅಲ್ಲಿಯ ಬ್ಯಾಕ್ಟೀರಿಯಾಗಳು ಉಸಿರಾಡಲು ಆಮ್ಲಜನಕದ ಬದಲು ತುಕ್ಕನ್ನೇ ಬಳಸುತ್ತವೆ. ತುಕ್ಕು ಕರಗುತ್ತದೆ, ಅದು ಹಿಡಿದಿದ್ದ ರಂಜಕ ಬಿಡುಗಡೆಯಾಗುತ್ತದೆ. ಎರಡೂ ಕೆಸರಿನ ಸಂದಿಗಳ ನೀರಿನಲ್ಲಿ ಮೇಲಕ್ಕೆ ಹರಡುತ್ತವೆ. ಮೇಲಿನ ಕಂದು ಪದರಕ್ಕೆ ಬಂದಾಗ ಕಬ್ಬಿಣ ಮತ್ತೆ ತುಕ್ಕಾಗಿ, ರಂಜಕವನ್ನು ಮತ್ತೆ ಹಿಡಿದು, ಮತ್ತೆ ಕೆಳಗೆ. ಒಂದೇ ಕಣ ಹೀಗೆ ಎಷ್ಟು ಸಲ ಮೇಲೆ ಕೆಳಗೆ ಓಡಾಡೀತೋ ಲೆಕ್ಕವಿಲ್ಲ. ಬೆರಳಿನ ಉಗುರಿನಷ್ಟೂ ದಪ್ಪವಿಲ್ಲದ ಆ ಕಂದು ಪದರ ಇರುವಷ್ಟು ದಿನ ರಂಜಕ ಕೆಳಗೇ ಇರುತ್ತದೆ. ನೀರಿನ ತಳದಲ್ಲಿ ಆಮ್ಲಜನಕ ಮುಗಿದ ದಿನ ಪದರ ಕರಗುತ್ತದೆ, ಬಾಗಿಲು ತೆರೆದುಕೊಳ್ಳುತ್ತದೆ, ವರ್ಷಗಳ ಕಾಲ ಕೂಡಿಟ್ಟ ರಂಜಕ ನೀರಿಗೆ ಬರುತ್ತದೆ.

ಇದನ್ನು ಕಂಡುಹಿಡಿದದ್ದು ಸಮುದ್ರದಲ್ಲಲ್ಲ, ಕೆರೆಯಲ್ಲಿ. ಇಂಗ್ಲೆಂಡಿನ ಸರೋವರ ಪ್ರದೇಶದಲ್ಲಿ ಕ್ಲಿಫರ್ಡ್ ಮಾರ್ಟಿಮರ್ ಎಂಬ ವಿಜ್ಞಾನಿ ಕೆಸರು ಮತ್ತು ನೀರನ್ನು ತೊಟ್ಟಿಗಳಲ್ಲಿ ತುಂಬಿ, ಒಂದಕ್ಕೆ ಗಾಳಿ ಕೊಟ್ಟು ಒಂದಕ್ಕೆ ಕೊಡದೆ ಇಟ್ಟು ನೋಡಿ, 1941 ಮತ್ತು 1942ರಲ್ಲಿ ಎರಡು ದೀರ್ಘ ಲೇಖನಗಳಲ್ಲಿ ಬರೆದರು. ಹೊರಗೆ ಮಹಾಯುದ್ಧ ನಡೆಯುತ್ತಿದ್ದ ಕಾಲ. ಈ ಮೇಜಿನ ಮೇಲಿರುವುದು ಆ ತೊಟ್ಟಿಗಳ ಮರಿಗಳು.

ಈಗ ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ, ಏಕೆಂದರೆ ಈ ಪಾಠವನ್ನು ನಾನು ಕಲಿತದ್ದು ಮಾರ್ಟಿಮರ್ ಅವರ ಲೇಖನದಿಂದಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಮಳೆಗಾಲ ಮುಗಿಯುವ ಹೊತ್ತಿಗೆ, ಮಂಗಳೂರಿನಾಚೆಯ ಕಡಲಲ್ಲಿ ಹಡಗಿನಿಂದ ಕೆಸರಿನ ಕೊಳವೆಗಳನ್ನು ಎತ್ತುತ್ತಿದ್ದೆವು. ಕೊಳವೆಯನ್ನು ಸೀಳಿ, ಪದರ ಪದರವಾಗಿ ಕತ್ತರಿಸಿ, ಹಿಂಡಿ, ಸಂದಿಯ ನೀರನ್ನು ಸೀಸೆಗೆ ತುಂಬುವುದು ನನ್ನ ಕೆಲಸ. ಇದನ್ನೆಲ್ಲ ಸಾರಜನಕ ತುಂಬಿದ ಚೀಲದೊಳಗೆ ಕೈಹಾಕಿ ಮಾಡಬೇಕು, ಗಾಳಿ ತಾಗಬಾರದು. ಕಡಲು ಒರಟಾಗಿತ್ತು, ನನಗೆ ವಾಂತಿ. ಚೀಲದೊಳಗೆ ಕೈ ತೂರಿಸಿಕೊಂಡು ಕೂರಲು ಆಗಲಿಲ್ಲ. ಯಾರೂ ನೋಡದಾಗ ಮೂರು ದಿನದ ಮಾದರಿಗಳನ್ನು ತೆರೆದ ಮೇಜಿನ ಮೇಲೇ ಮಾಡಿ ಮುಗಿಸಿದೆ. ದಡಕ್ಕೆ ಬಂದು ಅಳೆದರೆ, ಕೆಳಗಿನ ಪದರಗಳಲ್ಲಿ ತುಂಬಾ ಇರಬೇಕಾದ ರಂಜಕ ಎಲ್ಲೂ ಇಲ್ಲ. ಸೀಸೆಗಳ ತಳದಲ್ಲಿ ಮಾತ್ರ ಒಂದು ತೆಳು ಕಂದು ಪುಡಿ. ಕಬ್ಬಿಣ ಗಾಳಿಯಲ್ಲಿ ತುಕ್ಕಾಗಿ ರಂಜಕವನ್ನೆಲ್ಲ ಹಿಡಿದು ಕೆಳಗೆ ಕೂತಿತ್ತು. ಒಂದು ವಾರ ಯಾರಿಗೂ ಹೇಳದೆ ಒದ್ದಾಡಿದೆ. ಕೊನೆಗೆ ಹೇಳಿಬಿಟ್ಟೆ. ನಮ್ಮ ಮುಖ್ಯಸ್ಥರು ಬೈಯಲಿಲ್ಲ. ಆ ಸೀಸೆಗಳಲ್ಲಿ ಒಂದನ್ನು ತೆಗೆದುಕೊಂಡು ಬೆಳಕಿಗೆ ಹಿಡಿದು, "ಇದು ಹಾಳಾದ ಮಾದರಿ ಅಲ್ಲ, ಇದೇ ವಿಷಯ" ಎಂದರು. ಆದರೆ ಆ ವರ್ಷದ ಅಂಕಿಅಂಶ ಮಾತ್ರ ಹೋಯಿತು. ಮತ್ತೆ ಅದೇ ಜಾಗಕ್ಕೆ ಅದೇ ಋತುವಿನಲ್ಲಿ ಹೋಗಲು ಇನ್ನೊಂದು ಮಳೆಗಾಲ ಕಾಯಬೇಕಾಯಿತು.

ಮಳೆಗಾಲವೇ ಏಕೆ ಎಂದರೆ, ನಮ್ಮ ಪಶ್ಚಿಮ ಕರಾವಳಿಯ ಕಡಲು ಆಗ ಬೇರೆಯದೇ ಆಗುತ್ತದೆ. ನೈಋತ್ಯ ಮಾರುತದ ಕಾಲದಲ್ಲಿ ಆಳದ ತಣ್ಣನೆಯ ನೀರು ದಡದ ಕಡೆಗೆ ಮೇಲೇರುತ್ತದೆ. ಅದರಲ್ಲಿ ರಂಜಕ, ಸಾರಜನಕದ ಲವಣಗಳು ತುಂಬಾ ಇರುತ್ತವೆ, ಆಮ್ಲಜನಕ ಬಹಳ ಕಡಿಮೆ. ನೇತ್ರಾವತಿ, ಶರಾವತಿ, ಅಘನಾಶಿನಿ, ಕಾಳಿ ನದಿಗಳ ಸಿಹಿನೀರು ಮೇಲೆ ಮುಚ್ಚಳದಂತೆ ಹರಡಿ, ಗಾಳಿ ಕೆಳಗೆ ಇಳಿಯದಂತೆ ತಡೆಯುತ್ತದೆ. ಪಾಚಿ ಹುಲುಸಾಗಿ ಬೆಳೆಯುತ್ತದೆ. ಅದನ್ನು ತಿಂದು ಬೂತಾಯಿ, ಬಂಗುಡೆ ಹಿಂಡುಹಿಂಡಾಗುತ್ತವೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆ ನಿಲ್ಲಿಸಿ ಆಮೇಲೆ ದೋಣಿಗಳು ಇಳಿಯುವುದು ಈ ಹುಲುಸಿನ ಮೇಲೆಯೇ. ಆದರೆ ಸತ್ತ ಪಾಚಿ ತಳಕ್ಕೆ ಬಿದ್ದು ಕೊಳೆತು ಉಳಿದ ಆಮ್ಲಜನಕವನ್ನೂ ತಿಂದುಹಾಕುತ್ತದೆ. 1999ರ ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ ತಳದ ನೀರಿನಲ್ಲಿ ಆಮ್ಲಜನಕ ಪೂರ್ತಿ ಮುಗಿದು ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಕಾಣಿಸಿಕೊಂಡಿತ್ತು. ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ವಾಜಿಹ್ ನಕ್ವಿ ಮತ್ತು ಅವರ ಸಂಗಡಿಗರು ಇದನ್ನು 2000ದಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದಾಗ ನಮ್ಮಂಥವರಿಗೆಲ್ಲ ದಿಗಿಲಾಯಿತು.

ಈಗ ಮೂರನೆಯ ಸೀಸೆಯ ಮಾತು. ಸಮುದ್ರದ ನೀರಿಗೂ ಕೆರೆಯ ನೀರಿಗೂ ಇರುವ ವ್ಯತ್ಯಾಸ ಬರೀ ಉಪ್ಪಿನದಲ್ಲ. ಒಂದು ಲೀಟರ್ ಕಡಲ ನೀರಿನಲ್ಲಿ ಎರಡೂಮುಕ್ಕಾಲು ಗ್ರಾಂನಷ್ಟು ಸಲ್ಫೇಟ್ ಇದೆ. ಆಮ್ಲಜನಕ ಮುಗಿದು, ತುಕ್ಕೂ ಮುಗಿದ ಮೇಲೆ ಬ್ಯಾಕ್ಟೀರಿಯಾಗಳು ಈ ಸಲ್ಫೇಟನ್ನು ಉಸಿರಾಟಕ್ಕೆ ಬಳಸುತ್ತವೆ, ಸಲ್ಫೈಡನ್ನು ಹೊರಗೆ ಬಿಡುತ್ತವೆ. ಸಲ್ಫೈಡ್ ಕಬ್ಬಿಣವನ್ನು ಹಿಡಿದು ಕಪ್ಪು ಕಬ್ಬಿಣದ ಸಲ್ಫೈಡ್ ಮಾಡುತ್ತದೆ. ಕಾಲಕ್ರಮದಲ್ಲಿ ಅದು ಪೈರೈಟ್ ಆಗುತ್ತದೆ, ಚಿನ್ನದಂತೆ ಹೊಳೆದು ಮೂರ್ಖರನ್ನು ಮೋಸಗೊಳಿಸುವ ಆ ಖನಿಜ. ಒಮ್ಮೆ ಗಂಧಕದ ಕೈಗೆ ಸಿಕ್ಕ ಕಬ್ಬಿಣ ರಂಜಕದ ಕಾವಲಿಗೆ ಸುಲಭವಾಗಿ ವಾಪಸು ಬರುವುದಿಲ್ಲ. ಆದ್ದರಿಂದ ಸಿಹಿನೀರಿನ ಕೆಸರಿಗಿಂತ ಕಡಲಿನ ಕೆಸರು ರಂಜಕವನ್ನು ಹಿಡಿದಿಡುವುದರಲ್ಲಿ ಸಡಿಲ. ಬಾಲ್ಟಿಕ್ ಸಮುದ್ರ ಇದಕ್ಕೆ ದೊಡ್ಡ ಉದಾಹರಣೆ. ಸುತ್ತಲಿನ ದೇಶಗಳು ಕೊಳಚೆಯನ್ನು ಎಷ್ಟೋ ಕಡಿಮೆ ಮಾಡಿದ ಮೇಲೂ ತಳದಿಂದ ಹಳೆಯ ರಂಜಕ ಮೇಲೆ ಬರುತ್ತಲೇ ಇದೆ.

ಹಾಗಾದರೆ ಎಲ್ಲ ರಂಜಕವೂ ಮೇಲೆ ಬಂದುಬಿಡುತ್ತದೆಯೇ? ಇಲ್ಲ. ಒಂದು ಪಾಲು ಕ್ಯಾಲ್ಸಿಯಂ ಜೊತೆ ಸೇರಿ ಅಪಟೈಟ್ ಎಂಬ ಖನಿಜವಾಗಿ ಕೆಸರಿನಲ್ಲೇ ಗಟ್ಟಿಯಾಗುತ್ತದೆ, ನಮ್ಮ ಹಲ್ಲಿನ ಹತ್ತಿರದ ನೆಂಟ. ಅದೇ ಲಕ್ಷಾಂತರ ಕೋಟ್ಯಂತರ ವರ್ಷಗಳಲ್ಲಿ ರಂಜಕದ ಶಿಲೆ. ಸಲ್ಫೈಡ್ ಕಡಿಮೆ ಇರುವ ಕಡೆ ಕಬ್ಬಿಣವೇ ರಂಜಕದೊಡನೆ ಸೇರಿ ವಿವಿಯನೈಟ್ ಎಂಬ ಹರಳಾಗುತ್ತದೆ. ಕೆಸರಿನೊಳಗೆ ಬಣ್ಣವಿಲ್ಲದ ಅದು ಗಾಳಿಗೆ ಬಂದಾಗ ನೀಲಿಯಾಗುತ್ತದೆ. ಸಂಶೋಧಕನಾಗಿ ನಾನು ಕಂಡ ಅತ್ಯಂತ ಚೆಲುವಾದ ವಸ್ತು ಅದು, ಸಿಕ್ಕಿದ್ದು ನಾರುವ ಕೆಸರಿನಲ್ಲಿ.

ಕಬ್ಬಿಣದ ಇನ್ನೊಂದು ಮುಖವನ್ನು ಬೇಗ ಹೇಳಿ ಮುಗಿಸುತ್ತೇನೆ. ಭೂಮಿಯ ಹೊರಪದರದಲ್ಲಿ ತೂಕದ ಲೆಕ್ಕದಲ್ಲಿ ನೂರಕ್ಕೆ ಐದು ಪಾಲು ಕಬ್ಬಿಣ. ನಮ್ಮ ಕರಾವಳಿಯ ಮುರಕಲ್ಲು ಕೆಂಪಾಗಿರುವುದು ಅದರಿಂದಲೇ. ಆದರೂ ದಡದಿಂದ ದೂರದ ಕಡಲಲ್ಲಿ ಕಬ್ಬಿಣಕ್ಕೆ ಬರಗಾಲ. ನದಿ ಹೊತ್ತು ತಂದ ಕರಗಿದ ಕಬ್ಬಿಣದ ಬಹುಪಾಲು ಅಳಿವೆಯಲ್ಲಿ ಉಪ್ಪುನೀರು ತಾಗುತ್ತಲೇ ಮೊಸರು ಒಡೆದಂತೆ ಒಡೆದು ತಳ ಸೇರುತ್ತದೆ. ನಮ್ಮ ಬೀದಿಗೆ ಬರುವ 6,000 ಲೀಟರಿನ ಟ್ಯಾಂಕರುಗಳಲ್ಲಿ ನೂರೈವತ್ತು ಟ್ಯಾಂಕರ್ ತೆರೆದ ಕಡಲಿನ ನೀರು ತಂದರೂ ಅದರಲ್ಲಿ ಕರಗಿರುವ ಕಬ್ಬಿಣ ಒಂದು ಗುಂಡುಸೂಜಿಯಷ್ಟೂ ಇರುವುದಿಲ್ಲ. ಸಮುದ್ರಗಳ ಮೇಲ್ಮೈಯ ಸುಮಾರು ಮೂರನೇ ಒಂದು ಭಾಗದಲ್ಲಿ ರಂಜಕ, ಸಾರಜನಕ ಇದ್ದರೂ ಪಾಚಿ ಬೆಳೆಯದಿರಲು ಇದೇ ಮುಖ್ಯ ಕಾರಣ ಎಂದು ಅಮೆರಿಕದ ಜಾನ್ ಮಾರ್ಟಿನ್ ವಾದಿಸಿದರು. ಅರ್ಧ ಹಡಗಿನಷ್ಟು ಕಬ್ಬಿಣ ಕೊಟ್ಟರೆ ಹಿಮಯುಗವನ್ನೇ ತರುತ್ತೇನೆ ಎಂದು 1988ರಲ್ಲಿ ತಮಾಷೆ ಮಾಡಿದ್ದರು. ತಮಾಷೆಯನ್ನು ಕೆಲವರು ನಿಜವೆಂದು ಹಿಡಿದರು. ಮಾರ್ಟಿನ್ 1993ರಲ್ಲಿ ತೀರಿಕೊಂಡರು. ಅದೇ ವರ್ಷ ಅವರ ಸಹೋದ್ಯೋಗಿಗಳು ಗಲಪಗೋಸ್ ದ್ವೀಪಗಳ ದಕ್ಷಿಣಕ್ಕೆ ಕಡಲಿಗೆ ಕಬ್ಬಿಣ ಸುರಿದು ನೋಡಿದರು, ಪಾಚಿ ಬೆಳೆಯಿತು.

ನಮ್ಮ ದೇಶವೂ ಇದನ್ನು ಮಾಡಿ ನೋಡಿದೆ. 2009ರಲ್ಲಿ ಜರ್ಮನಿಯ ಜೊತೆ ಸೇರಿ, ಪೋಲಾರ್‌ಸ್ಟರ್ನ್ ಎಂಬ ಹಡಗಿನಲ್ಲಿ, ದಕ್ಷಿಣ ಅಟ್ಲಾಂಟಿಕ್‌ನಲ್ಲಿ 300 ಚದರ ಕಿಲೋಮೀಟರ್ ಕಡಲಿಗೆ ಆರು ಟನ್ ಕಬ್ಬಿಣ. ಹೆಸರು ಲೋಹಾಫೆಕ್ಸ್, ನಮ್ಮ 'ಲೋಹ'ವೇ. ಕಡಲಿಗೆ ಹೀಗೆ ಕೈಹಾಕಬಾರದೆಂದು ದೊಡ್ಡ ಗಲಾಟೆಯಾಗಿ ಜರ್ಮನಿಯ ಸರ್ಕಾರ ಕೆಲವು ದಿನ ತಡೆಯನ್ನೂ ಹಾಕಿತ್ತು. ಫಲಿತಾಂಶವೇನೆಂದರೆ, ಬೆಳೆದ ಪಾಚಿಯನ್ನು ಸಣ್ಣ ಸಿಗಡಿಯಂಥ ಜೀವಿಗಳು ತಿಂದುಹಾಕಿದವು, ಅವನ್ನು ಅವಕ್ಕಿಂತ ದೊಡ್ಡವು ತಿಂದವು. ಗಾಜಿನ ಚಿಪ್ಪಿನ ಡಯಾಟಮ್‌ಗಳು ಬೆಳೆಯಲು ಆ ನೀರಿನಲ್ಲಿ ಸಿಲಿಕ ಇರಲಿಲ್ಲ. ತಳಕ್ಕೆ ಹೋದ ಇಂಗಾಲ ಬಹಳ ಕಡಿಮೆ. ಸೋತ ಪ್ರಯೋಗ ಎಂದು ಪತ್ರಿಕೆಗಳು ಬರೆದವು. ನನಗೆ ಹಾಗನ್ನಿಸುವುದಿಲ್ಲ. ಆರು ಟನ್ ಕಬ್ಬಿಣಕ್ಕೆ ಅಷ್ಟು ಸ್ಪಷ್ಟವಾದ 'ಇಲ್ಲ' ಎಂಬ ಉತ್ತರ ಸಿಕ್ಕಿದ್ದು ಅಗ್ಗವೇ.

ಮತ್ತೆ ನಮ್ಮ ಕೆರೆಗೆ ಬರೋಣ. ನಾನು ಈ ಶಾಲೆಯಲ್ಲಿದ್ದಾಗ ಕೆಂಪಾಂಬುಧಿಯ ಏರಿಯ ಮೇಲೆ, ಕೆಂಪೇಗೌಡರ ಗೋಪುರದ ಬಳಿ, ಪರೀಕ್ಷೆಗೆ ಓದುತ್ತಿದ್ದೆವು. ಒಂದು ವರ್ಷ ನೀರು ಇದ್ದಕ್ಕಿದ್ದಂತೆ ಬಟಾಣಿ ಸಾರಿನ ಹಾಗೆ ಹಸಿರಾಗಿ, ಎರಡು ವಾರದ ನಂತರ ಮೀನು ಸತ್ತು ತೇಲಿದವು. ಯಾರೋ ವಿಷ ಹಾಕಿದರು ಎಂದು ಬೀದಿಯೆಲ್ಲ ಮಾತು. ಒಬ್ಬ ಬಡಪಾಯಿ ಮೀನುಗಾರನ ಮೇಲೆ ಅನುಮಾನಪಟ್ಟು ಅವನನ್ನು ಏರಿಯಿಂದ ಓಡಿಸಿಯೂಬಿಟ್ಟರು. ಓಡಿಸಿದವರ ಗುಂಪಿನಲ್ಲಿ ನಾನೂ ನಿಂತಿದ್ದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತಾಗ ಪತ್ರಿಕೆಯ ಚಿತ್ರ ನೋಡಿ ನನಗೆ ನೆನಪಾದದ್ದು ಆ ಮನುಷ್ಯನ ಮುಖ. ವಿಷ ಯಾರೂ ಹಾಕಬೇಕಾಗಿಲ್ಲ. ಸೆಕೆಗೆ, ಪಾಚಿಯ ಕೊಳೆತಕ್ಕೆ ಆಮ್ಲಜನಕ ಮುಗಿದರೆ ಸಾಕು. ಮೀನು ಸಾಯುತ್ತದೆ; ಅದೇ ದಿನ ತಳದ ಕಂದು ಪದರವೂ ಕರಗಿ, ರಂಜಕ ಮೇಲೆ ಬಂದು, ಮುಂದಿನ ಪಾಚಿಗೆ ಗೊಬ್ಬರವಾಗುತ್ತದೆ.

ಕೆರೆ ಶುದ್ಧಿ ಎಂದಾಗ ನಾವು ಕಾರಂಜಿ ಹಾಕುತ್ತೇವೆ, ಬೇಲಿ ಹಾಕುತ್ತೇವೆ, ನಡೆಯಲು ದಾರಿ ಮಾಡುತ್ತೇವೆ. ತಪ್ಪೇನಿಲ್ಲ. ಆದರೆ ಒಳಗೆ ಬರುವ ಕೊಳಚೆಯನ್ನು ಇಂದೇ ಪೂರ್ತಿ ನಿಲ್ಲಿಸಿದರೂ ಹಳೆಯ ಕೆಸರು ವರ್ಷಗಟ್ಟಲೆ ರಂಜಕ ಬಿಡುತ್ತಲೇ ಇರುತ್ತದೆ. ಹೂಳನ್ನು ತೆಗೆದು ಕೆರೆಯ ದಡದಲ್ಲೇ ಗುಡ್ಡೆ ಹಾಕಿದರೆ ಮುಂದಿನ ಮಳೆಗೆ ಅದು ಮತ್ತೆ ಒಳಗೆ. ನಮ್ಮ ಹಿರಿಯರು ಬೇಸಿಗೆಯಲ್ಲಿ ಕೆರೆಯ ಗೋಡನ್ನು ಗಾಡಿಯಲ್ಲಿ ಹೊಲಕ್ಕೆ ಸಾಗಿಸುತ್ತಿದ್ದರು. ಆಗಿನ ಗೋಡಿನಲ್ಲಿ ಕಾರ್ಖಾನೆಯ ಲೋಹಗಳಿರಲಿಲ್ಲ. ಈಗ ಪರೀಕ್ಷೆ ಮಾಡದೆ ಹೊಲಕ್ಕೆ ಹಾಕಿ ಎನ್ನಲು ನನಗೆ ಧೈರ್ಯವಿಲ್ಲ. ಕೊಳಚೆ ಶುದ್ಧೀಕರಣ ಘಟಕದಲ್ಲೇ ಕಬ್ಬಿಣದ ಲವಣ ಹಾಕಿ ರಂಜಕವನ್ನು ಹಿಡಿಯುವ ಕ್ರಮ ಎಷ್ಟೋ ದೇಶಗಳಲ್ಲಿದೆ. ಹಾಗೆ ಸಿಕ್ಕ ಕೆಸರಿನಲ್ಲಿ ನಾನು ಹೇಳಿದ ಆ ನೀಲಿ ವಿವಿಯನೈಟ್ ಬೆಳೆಯುತ್ತದೆ. ಅದನ್ನು ಅಯಸ್ಕಾಂತದಿಂದ ಎಳೆದು ತೆಗೆಯುವ ಯಂತ್ರವನ್ನು ನೆದರ್‌ಲೆಂಡ್ಸ್‌ನಲ್ಲಿ ಪ್ರಯೋಗಿಸುತ್ತಿದ್ದಾರೆ. ಶಿಲೆಯನ್ನು ಮೊರಾಕ್ಕೊದಿಂದ ಕೊಳ್ಳುವ ದೇಶ ನಾವು. ವೃಷಭಾವತಿಯಲ್ಲಿ ಹರಿದುಹೋಗುವ ರಂಜಕದ ಬೆಲೆ ಎಷ್ಟೆಂದು ಇಲ್ಲಿ ಕುಳಿತ ಯಾರಾದರೂ ಮುಂದೆ ಲೆಕ್ಕ ಹಾಕಿಯಾರು.

ಈಗ ಸೀಸೆಗಳು. (ಇಲ್ಲಿ ಮೂರು ಸೀಸೆಗಳನ್ನೂ ಸಭೆಗೆ ಎತ್ತಿ ತೋರಿಸಿ, ಮೇಲಿನ ನೀರನ್ನು ಪಿಪೆಟ್ಟಿನಿಂದ ತೆಗೆದು ಪರೀಕ್ಷಿಸಲಾಯಿತು.) ಮೊದಲನೆಯದರ ಕೆಸರಿನ ಮೇಲೆ ಹಾಲಿನ ಕೆನೆಯ ಹಾಗೆ ಕಂದು ಪದರ, ಹಿಂದಿನ ಸಾಲಿಗೂ ಕಾಣುತ್ತಿದೆ ತಾನೆ? ಎರಡನೆಯದರಲ್ಲಿ ಪದರವಿಲ್ಲ, ಎಲ್ಲ ಬೂದು. ಮೂರನೆಯದು ಮಸಿಯಷ್ಟು ಕಪ್ಪು. ಈ ಮಾಲಿಬ್ಡೇಟ್ ದ್ರಾವಣ ಹಾಕಿದರೆ ರಂಜಕ ಇದ್ದಷ್ಟೂ ನೀಲಿಯಾಗುತ್ತದೆ. ಹತ್ತು ನಿಮಿಷ ಕಾಯಬೇಕು... ಮೊದಲನೆಯದು ಹೆಚ್ಚುಕಡಿಮೆ ನೀರಿನ ಬಣ್ಣವೇ. ಎರಡನೆಯದು ನೀಲಿ. ಮೂರನೆಯದು ಅದಕ್ಕಿಂತ ಗಾಢವಾಗಬೇಕಿತ್ತು. ಎರಡನೆಯದಕ್ಕಿಂತ ಸ್ವಲ್ಪ ತೆಳುವಾಗಿಯೇ ಇದೆ. ನಾನು ಹೇಳಿದ ಹಾಗೆ ಆಗಿಲ್ಲ. ಮೇಣದಲ್ಲಿ ಬಿರುಕಿದೆಯೋ, ಸಲ್ಫೈಡ್ ಈ ಪರೀಕ್ಷೆಗೇ ಅಡ್ಡ ಬಂತೋ, ಮೂರು ವಾರ ಸಾಲದಾಯಿತೋ, ಇಲ್ಲಿ ನಿಂತು ಹೇಳಲಾರೆ. ಹಿಂದೆ ಯಾರೋ ನಗುತ್ತಿದ್ದಾರೆ. ನಗಿ, ಆದರೆ ನಿಮ್ಮ ನೋಟ್‌ಬುಕ್ಕಿನಲ್ಲಿ ಕಂಡದ್ದನ್ನೇ ಬರೆದುಕೊಳ್ಳಿ.

ಸೀಸೆಗಳನ್ನು ಇಲ್ಲೇ ಬಿಟ್ಟು ಹೋಗುತ್ತೇನೆ. ಮಾಲಿಬ್ಡೇಟ್ ದ್ರಾವಣವನ್ನು ನಿಮ್ಮ ವಿಜ್ಞಾನ ಉಪಾಧ್ಯಾಯರಿಗೆ ಕೊಟ್ಟಿದ್ದೇನೆ. ಅವರಿಲ್ಲದೆ ಮುಟ್ಟಬೇಡಿ, ಅದರಲ್ಲಿ ಆಮ್ಲವಿದೆ. ಮೂರನೆಯದನ್ನು ಹೊಸದಾಗಿ ಇನ್ನೊಮ್ಮೆ ಮಾಡಿ, ಈ ಸಲ ಎರಡು ಸೀಸೆ ಮಾಡಿ, ಮೇಣವನ್ನು ಎರಡು ಪದರ ಮೆತ್ತಿ. ಹಳೆಯದನ್ನು ತೆರೆಯುವಾಗ ಕೋಣೆಯೊಳಗೆ ತೆರೆಯಬೇಡಿ, ಮೈದಾನದ ಬೇಲಿಯ ಹತ್ತಿರ ಒಯ್ದು ತೆರೆಯಿರಿ. ಬಹಳ ನಾರುತ್ತದೆ.